ಪಟ್ಟಿ ಮಡಚಿಡಿ, ಒಂದು ಸಾಲು ಹಿಡೀರಿ

ಮಂಡ್ಯ, ಮದ್ದೂರು, ಮಳವಳ್ಳಿಯ ‘ಸ್ಟಾರ್ ವಾರ್ಸ್’ ಹುಡುಗ ಹುಡುಗಿಯರಿಗೆ ಒಂದು ಬಹಿರಂಗ ಪತ್ರ



ನಿಮ್ಮಲ್ಲಿ ಹೆಚ್ಚಿನವರ ಹೆಸರು ನನಗೆ ಗೊತ್ತಿಲ್ಲ, ಮುಖ ಗೊತ್ತು. ಮಂಡ್ಯದ ನೂರಡಿ ರಸ್ತೆಯ ಟೀ ಅಂಗಡಿ ಮುಂದೆ ಕಪ್ಪು ಮುಖವಾಡದ ಚಿತ್ರವಿರುವ ಟೀ ಶರ್ಟ್ ತೊಟ್ಟು ನಿಂತಿರುತ್ತೀರಿ. ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ಮಳವಳ್ಳಿ ಬಸ್ಸು ಕಾಯುತ್ತ, ಒಂದೇ ಫೋನಿಗೆ ಇಬ್ಬರು ತಲೆ ತೂರಿಸಿ ‘ಆಂಡೋರ್’ ನೋಡುತ್ತಿರುತ್ತೀರಿ. ‘ಮ್ಯಾಂಡಲೋರಿಯನ್’ನ ಆ ಹಸಿರು ಕೂಸನ್ನು ಬೈಕಿನ ಕೀಲಿಗೆ ನೇತುಹಾಕಿಕೊಂಡವರನ್ನೂ ಕಂಡಿದ್ದೇನೆ. ಹೋದ ತಿಂಗಳು ನಿಮ್ಮ ಪೈಕಿ ಒಬ್ಬಳು, ಮಳವಳ್ಳಿ ಕಡೆಯ ಡಿಗ್ರಿ ಓದುವ ಹುಡುಗಿ, ನಮ್ಮ ಮನೆಗೆ ಬಂದಿದ್ದಳು. ನನ್ನ ಹತ್ತಿರ ಹಳೇ ಇಂಗ್ಲಿಷ್ ಕಾದಂಬರಿಗಳ ಎರಡು ಟ್ರಂಕು ಇವೆ ಅಂತ ಯಾರೋ ಹೇಳಿದ್ದರಂತೆ. ಕಾಫಿ ಕುಡಿದು, ಲೋಟ ಕೆಳಗಿಟ್ಟು, ಫೋನು ತೆಗೆದು ಒಂದು ಪಟ್ಟಿ ತೋರಿಸಿದಳು. ಸ್ಟಾರ್ ವಾರ್ಸ್ ಕಾದಂಬರಿಗಳ ಪಟ್ಟಿ, ಕಥೆಯ ಕಾಲಾನುಕ್ರಮದಲ್ಲಿ. ಬೆರಳಲ್ಲಿ ಎಳೆದಳು, ಎಳೆದಳು, ಬಾವಿಗೆ ಬಿಟ್ಟ ಹಗ್ಗದ ಹಾಗೆ ಅದು ಇಳಿಯುತ್ತಲೇ ಇತ್ತು. ಮೊದಲ ಹೆಸರು, ಸಿನಿಮಾದ ಕಥೆಗಿಂತ 25 ಸಾವಿರ ವರ್ಷಕ್ಕೂ ಹಿಂದೆ ನಡೆಯುವ ಪುಸ್ತಕದ್ದು.

‘ಎಲ್ಲಿಂದ ಸುರು ಮಾಡ್ಲಿ ಸಾರ್? ಇಲ್ಲಿಂದ್ಲೇನಾ?’

ಅವತ್ತು ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ‘ವಸಿ ತಡಿಯವ್ವ, ಯೋಚನೆ ಮಾಡಿ ಹೇಳ್ತೀನಿ’ ಅಂದು ಕಳಿಸಿದೆ. ಆಮೇಲೆ ಇನ್ನಿಬ್ಬರು ಅದನ್ನೇ ಕೇಳಿದರು. ಒಬ್ಬೊಬ್ಬರಿಗೆ ಹೇಳುವ ಬದಲು ಎಲ್ಲರಿಗೂ ಸೇರಿಸಿ ಬರೆಯೋಣ ಅಂತ ಕೂತಿದ್ದೇನೆ.

ಮೊದಲು ನನ್ನ ಪೆದ್ದುತನ ಹೇಳಿಬಿಡುತ್ತೇನೆ. ನಾನು 20 ವರ್ಷಕ್ಕೂ ಮೇಲ್ಪಟ್ಟು ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಹೋಗಿಬಂದವನು. ಸೀಸನ್ ಪಾಸಿನ ಗಿರಾಕಿ. ನಿಮ್ಮ ಅಪ್ಪಂದಿರಲ್ಲೂ ಕೆಲವರು ಅದೇ ಬೋಗಿಯಲ್ಲಿ ಇದ್ದಿರಬೇಕು. ನಾಲ್ಕು ಜನ ಮಂಡಿಯ ಮೇಲೆ ಸೂಟ್‌ಕೇಸು ಅಡ್ಡ ಇಟ್ಟುಕೊಂಡು ಇಸ್ಪೀಟು ಆಡುತ್ತಿದ್ದರು, ಇಬ್ಬರು ಕೆಂಗೇರಿ ಬರುವ ತನಕ ಗೊರಕೆ ಹೊಡೆಯುತ್ತಿದ್ದರು, ನಾನು ಕಿಟಕಿ ಪಕ್ಕ ಕೂತು ಓದುತ್ತಿದ್ದೆ. 2003ರ ಒಂದು ಭಾನುವಾರ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ 40 ರೂಪಾಯಿಗೆ ಒಂದು ದಪ್ಪ ಪುಸ್ತಕ ಸಿಕ್ಕಿತು: ಆರ್.ಎ. ಸಾಲ್ವಟೋರ್ ಬರೆದ ‘ವೆಕ್ಟರ್ ಪ್ರೈಮ್’. ಮೇಲೆ ಸ್ಟಾರ್ ವಾರ್ಸ್ ಅಂತಿತ್ತು, 19 ಪುಸ್ತಕಗಳ ಸರಣಿಯಲ್ಲಿ ಇದೇ ಮೊದಲನೆಯದು ಅಂತಲೂ ತಿಳಿಯಿತು. ಮೊದಲನೆಯದು ಅಂದಮೇಲೆ ಶುರು ಮಾಡಲು ಅದಕ್ಕಿಂತ ಬೇರೆ ಬೇಕೆ? 1999ರಲ್ಲಿ ಅದು ಬರುವ ಮುಂಚೆಯೇ ಅದೇ ಪಾತ್ರಗಳ ಮೇಲೆ ಹತ್ತಾರು ಕಾದಂಬರಿಗಳು ಬಂದುಹೋಗಿದ್ದವು ಅನ್ನುವುದನ್ನು ಫುಟ್‌ಪಾತಿನಲ್ಲಿ ಯಾರು ಹೇಳುತ್ತಾರೆ?

ಅಷ್ಟರಲ್ಲಿ ನಾನು ಒಂದೇ ಒಂದು ಸಿನಿಮಾ ನೋಡಿದ್ದೆ. ಅದೂ ಟೀವಿಯಲ್ಲಿ, ಅದೂ ಕರೆಂಟು ಹೋಗಿ ಅರ್ಧ. ಹಾಗಾಗಿ ರೈಲು ಚನ್ನಪಟ್ಟಣ ಬಿಟ್ಟ ಮೇಲೆ ಪುಸ್ತಕದಲ್ಲಿ ಒಂದು ಚಂದ್ರನೇ ಕಳಚಿ ಗ್ರಹದ ಮೇಲೆ ಬೀಳತೊಡಗಿ, ಚ್ಯೂಬಾಕಾ ಎಂಬ ಮೈತುಂಬ ಕೂದಲಿನವನು ಗೆಳೆಯನ ಮಗನನ್ನು ಹಡಗಿಗೆ ಹತ್ತಿಸಿ ತಾನು ಕೆಳಗೇ ಉಳಿದು ಸತ್ತಾಗ ನನಗೆ ಏನೂ ಅನ್ನಿಸಲಿಲ್ಲ. ಅದು ಆ ಲೋಕದ ಓದುಗರನ್ನು ಅಲ್ಲಾಡಿಸಿಬಿಟ್ಟ ಸಾವು. ಕಾದಂಬರಿಕಾರನಿಗೆ ಬೈಗುಳದ ಪತ್ರಗಳು ಬಂದವು. ನನಗೋ, ಗುರುತಿಲ್ಲದವರ ಮನೆಯ ತಿಥಿಗೆ ಹೋದ ಹಾಗಾಯಿತು. ಎಲ್ಲರೂ ಕಣ್ಣು ಒರೆಸಿಕೊಳ್ಳುತ್ತಿದ್ದಾರೆ, ಹಾರ ಹಾಕಿದ ಫೋಟೋದಲ್ಲಿರುವವರು ಯಾರು ಅಂತ ಮಾತ್ರ ನಮಗೆ ಗೊತ್ತಿಲ್ಲ. ಉಂಡು, ಕೈ ತೊಳೆದು, ಬಂದೆ. ಆಮೇಲೆ ಎರಡು ವರ್ಷ ಆ ಕಡೆ ತಿರುಗಿ ನೋಡಲಿಲ್ಲ.

ಇದರಿಂದ ‘ಹಾಗಾದರೆ ಕ್ರಮವಾಗಿ, ಆದಿಯಿಂದಲೇ ಓದಬೇಕು’ ಅಂದುಕೊಂಡಿರೋ, ಅದು ಇನ್ನೊಂದು ಪೆದ್ದುತನ. ಮಳವಳ್ಳಿ ಸೀಮೆಯವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಬೊಪ್ಪೇಗೌಡನಪುರ ನಿಮ್ಮ ತಾಲ್ಲೂಕಿನಲ್ಲೇ ಇದೆ, ಮಂಟೇಸ್ವಾಮಿಯ ಮಠ ಅಲ್ಲಿದೆ. ಆ ಕಥೆ ಎಷ್ಟು ದೊಡ್ಡದು ಅಂತ ಒಮ್ಮೆ ನೆನೆಸಿಕೊಳ್ಳಿ. ಬಸವಣ್ಣನ ಕಲ್ಯಾಣದಲ್ಲಿ ಹುಟ್ಟಿ, ತೆಂಕಲಿಗೆ ಇಳಿದು, ಕಪ್ಪಡಿಯಲ್ಲಿ ಒಂದು ಕವಲು, ಬೊಪ್ಪೇಗೌಡನಪುರದಲ್ಲಿ ಒಂದು, ಚಿಕ್ಕಲ್ಲೂರಿನಲ್ಲಿ ಇನ್ನೊಂದು. ರಾಚಪ್ಪಾಜಿ, ಸಿದ್ದಪ್ಪಾಜಿ, ದೊಡ್ಡಮ್ಮತಾಯಿ, ಚೆನ್ನಾಜಮ್ಮ, ಒಬ್ಬೊಬ್ಬರದೂ ಒಂದೊಂದು ಕಥೆ. ಈ ಕಥೆ ಹಾಡುವ ನೀಲಗಾರರು ಅದನ್ನು ‘ಸಾಲು’ ಅನ್ನುತ್ತಾರೆ. ಒಂದು ಸಾಲಿಗೆ ಒಂದು ರಾತ್ರಿ ಸಾಲದು.

ನಮ್ಮೂರು ಹಲಗೂರಿನ ಹತ್ತಿರ. ನನಗೆ ಏಳೋ ಎಂಟೋ ವರ್ಷ. ಪಡಸಾಲೆಯಲ್ಲಿ ಗ್ಯಾಸ್‌ಲೈಟು ಸುಯ್ಯ್ ಅನ್ನುತ್ತಿತ್ತು. ನೀಲಗಾರ ತಂಬೂರಿಯ ತಂತಿ ಎಳೆದು ಕಿವಿಗೆ ಹಿಡಿದು, ಸಡಿಲಿಸಿ, ಮತ್ತೆ ಎಳೆದು, ‘ಯಾವ ಸಾಲು ಹೇಳನಪ್ಪ?’ ಅಂತ ಕೇಳಿದ. ಒಬ್ಬರೂ ‘ಮೊದಲಿಂದ’ ಅನ್ನಲಿಲ್ಲ. ನಮ್ಮ ದೊಡ್ಡಪ್ಪ ‘ನಮ್ಮ ಹಲಗೂರು ಸಾಲು ಹೇಳಪ್ಪ’ ಅಂದರು. ಸಿದ್ದಪ್ಪಾಜಿ ಹಲಗೂರಿನ ಪಾಂಚಾಳ ಕಮ್ಮಾರರ ಹತ್ತಿರ ಕಬ್ಬಿಣದ ಭಿಕ್ಷೆಗೆ ಬಂದು, ಅವರು ಕೊಡಲೊಲ್ಲದೆ ಒಡ್ಡುವ ಪರೀಕ್ಷೆಗಳನ್ನೆಲ್ಲ ಎದುರಿಸುವ ಕಥೆ. ದಿನಾ ನೋಡುವ ಊರಿನ ಹೆಸರು ಹಾಡಿನಲ್ಲಿ ಬಂದ ಕೂಡಲೇ ನನ್ನ ನಿದ್ದೆ ಹಾರಿತು. ನಡುವೆ ಅಜ್ಜಿಯ ಸೆರಗು ಜಗ್ಗಿ ಕೇಳಿದೆ: ‘ಈ ಮಂಟೇಸ್ವಾಮಿ ಯಾರವ್ವ? ಇವನ್ನ ಯಾಕೆ ಕಳಿಸ್ದ?’ ಅಜ್ಜಿ ನನ್ನ ಬಾಯಿ ಮುಚ್ಚಿತು. ‘ಕತೆ ಕೇಳು ಮೊದ್ಲು. ಅವನ್ಯಾರು ಅಂತ ಅಮ್ಯಾಕೆ ಗೊತ್ತಾಯ್ತದೆ.’

ಅಮ್ಯಾಕೆ ಅಂದರೆ ಹನ್ನೆರಡು ವರ್ಷ. ಚಿಕ್ಕಲ್ಲೂರು ಜಾತ್ರೆಯಲ್ಲಿ, ಕಾಲೇಜು ಹುಡುಗನಾಗಿದ್ದಾಗ, ಕಲ್ಯಾಣದ ಸಾಲು ಕೇಳಿದೆ. ಆಗ ಹಲಗೂರಿನ ಕಥೆ ಹಿಂದಿನಿಂದ ಬೆಳಕು ಬಿದ್ದ ಹಾಗೆ ಇನ್ನೊಂದೇ ರೀತಿ ಕಾಣಿಸಿತು. ಸಿದ್ದಪ್ಪಾಜಿಯೇ ಕಮ್ಮಾರರ ಮನೆಯ ಮಗ, ನಿಡಘಟ್ಟದ ಕೆಂಪಾಚಾರಿ ಅನ್ನುವುದೂ ಹಾಗೆ ತಡವಾಗಿಯೇ ತಿಳಿದದ್ದು. ಹೆದ್ದಾರಿಯಲ್ಲಿ ಬೆಂಗಳೂರಿಗೆ ಹೋಗುವಾಗ ಮದ್ದೂರು ದಾಟಿದ ಮೇಲೆ ಸಿಗುವ ನಿಡಘಟ್ಟವೇ ಅದು ಅಂತ ಈ ಕಡೆಯವರು ಹೇಳುತ್ತಾರೆ. ಮೊದಲೇ ಕಲ್ಯಾಣದಿಂದ ಶುರು ಮಾಡಿದ್ದರೆ ಎಂಟು ವರ್ಷದ ನಾನು ಕಾಲು ಗಂಟೆಯಲ್ಲಿ ಕಂಬಳಿ ಹೊದ್ದು ಮಲಗಿರುತ್ತಿದ್ದೆ.

ಸ್ಟಾರ್ ವಾರ್ಸ್ ಕೂಡ ನಡುವಿನಿಂದ ಎತ್ತಿಕೊಂಡ ಹಾಡೇ. 1977ರಲ್ಲಿ ಬಂದ ಮೊದಲ ಸಿನಿಮಾಕ್ಕೆ ‘ನಾಲ್ಕನೇ ಅಧ್ಯಾಯ’ ಅನ್ನುವ ಪಟ್ಟಿ ಅಂಟಿಸಿದ್ದು 1981ರ ಮರುಬಿಡುಗಡೆಯಲ್ಲಿ. ಅದಕ್ಕಿಂತ ತಮಾಷೆ, ಆ ಸಿನಿಮಾಕ್ಕಿಂತ ಮೊದಲು ಅದರ ಕಾದಂಬರಿ ಬಂದಿತ್ತು. 1976ರ ಕೊನೆಯಲ್ಲೇ ಅಂಗಡಿಯಲ್ಲಿತ್ತು. ರಕ್ಷಾಪುಟದ ಮೇಲೆ ಜಾರ್ಜ್ ಲ್ಯೂಕಸ್ ಹೆಸರು, ಒಳಗಡೆ ಕೂತು ಬರೆದವರು ಅಲನ್ ಡೀನ್ ಫಾಸ್ಟರ್. ಸಿನಿಮಾ ಅಷ್ಟಾಗಿ ಓಡದಿದ್ದರೆ ಕಡಿಮೆ ಖರ್ಚಿನಲ್ಲಿ ಇನ್ನೊಂದು ಸಿನಿಮಾ ತೆಗೆಯಲು ಕೈಯಲ್ಲಿ ಒಂದು ಕಥೆ ಇರಲಿ ಅಂತ ಅವರಿಂದಲೇ ಬರೆಸಿದ್ದು ‘ಸ್ಪ್ಲಿಂಟರ್ ಆಫ್ ದಿ ಮೈಂಡ್ಸ್ ಐ’, 1978ರದು. ಹ್ಯಾನ್ ಸೋಲೊ ಪಾತ್ರಧಾರಿ ಇನ್ನೂ ಮುಂದಿನ ಸಿನಿಮಾಕ್ಕೆ ಸಹಿ ಹಾಕಿರಲಿಲ್ಲ, ಹಾಗಾಗಿ ಅದರಲ್ಲಿ ಆ ಪಾತ್ರವೇ ಇಲ್ಲ. ಲ್ಯೂಕ್ ಮತ್ತು ಲೇಯಾ ಅಣ್ಣ ತಂಗಿ ಅಂತ 1983ರ ತನಕ ಜಗತ್ತಿಗೆ ಗೊತ್ತಿರಲಿಲ್ಲವಾಗಿ, ಪಾಪ, ಈ ಪುಸ್ತಕದಲ್ಲಿ ಇಬ್ಬರ ನಡುವೆ ಒಂದಿಷ್ಟು ಕಣ್ಣು ಕಣ್ಣು ಬೆರೆಯುವುದೂ ಉಂಟು. ಈಗ ಓದಿದರೆ ಮುಜುಗರ. ನೀವು ಓದಿ, ಆದರೆ ನಾಲ್ಕಾರು ಪುಸ್ತಕ ಆದ ಮೇಲೆ, ನಗುವುದಕ್ಕೆ.

‘ಬೇರೆಬೇರೆ ಜನ ಬರೆದರೆ ಪಾತ್ರ ಒಂದೇ ಥರ ಇರುತ್ತಾ ಸಾರ್?’ ಅಂತ ನಿಮ್ಮಲ್ಲೊಬ್ಬ ಕೇಳಿದ. ಇರುವುದಿಲ್ಲ. ಮಂಡ್ಯದವನಾಗಿ ಅದಕ್ಕೆ ತಲೆ ಕೆಡಿಸಿಕೊಳ್ಳಬಾರದು. ನಮ್ಮ ಕಡೆ ಕುರುಕ್ಷೇತ್ರ ನಾಟಕ ಹೇಗೆ ಆಡುತ್ತಾರೆ? ಪಾತ್ರ ಬೇಕು ಅನ್ನುವವರು ತಾವೇ ದುಡ್ಡು ಹಾಕುತ್ತಾರೆ. ಕೃಷ್ಣನ ಪಾತ್ರಕ್ಕೆ ಮೂರು ಜನ ಆಸೆಪಟ್ಟರೆ ಮೇಷ್ಟ್ರು ಹಾರ್ಮೋನಿಯಂ ಮೇಲಿಂದ ಕೈ ತೆಗೆಯದೆ ಪಾತ್ರವನ್ನೇ ಮೂರು ಪಾಲು ಮಾಡುತ್ತಾರೆ. ರಾತ್ರಿ ಹತ್ತು ಗಂಟೆಯ ಕೃಷ್ಣ ಉದ್ದಕ್ಕೆ ತೆಳ್ಳಗೆ, ಒಂದು ಗಂಟೆಯ ಕೃಷ್ಣನಿಗೆ ಹೊಟ್ಟೆ, ಬೆಳಗಿನ ಜಾವ ಗೀತೋಪದೇಶ ಮಾಡುವ ಕೃಷ್ಣನ ಗಂಟಲು ಕಟ್ಟಿರುತ್ತದೆ. ಸಭೆಯಲ್ಲಿ ಒಬ್ಬರಾದರೂ ‘ಇವನ್ಯಾರು?’ ಅಂತ ಎದ್ದು ನಿಂತದ್ದನ್ನು ನಾನು ಕಂಡಿಲ್ಲ. ಯಾವ ಕೃಷ್ಣ ಚೆನ್ನಾಗಿ ಹಾಡಿದ ಅನ್ನುವುದಷ್ಟೇ ಮಾರನೆ ದಿನದ ಚರ್ಚೆ. ಕುಮಾರವ್ಯಾಸನೂ ಹತ್ತು ಪರ್ವಕ್ಕೆ ನಿಲ್ಲಿಸಿದ, ಉಳಿದದ್ದನ್ನು ತಿಮ್ಮಣ್ಣ ಕವಿ ಮುಗಿಸಿದ. ಹಾಗೇ ಇದೂ. ಯಾರ ಲ್ಯೂಕ್, ಯಾರ ಲೇಯಾ ಚೆನ್ನ ಅಂತ ನೋಡಿ. ಪುಸ್ತಕ ಆರಿಸುವಾಗ ಕಥೆಯ ಇಸವಿಗಿಂತ ಬರೆದವರ ಹೆಸರಿಗೆ ಹೆಚ್ಚು ಬೆಲೆ ಕೊಡಿ ಅನ್ನುವುದೇ ನನ್ನ ಮುಖ್ಯ ಮಾತು.

ಇನ್ನು ನಿಮ್ಮ ಪಟ್ಟಿಯಲ್ಲಿ ಕೆಲವು ಹೆಸರಿನ ಮುಂದೆ ‘ಲೆಜೆಂಡ್ಸ್’ ಅಂತ ಇರುವುದು. 2012ರಲ್ಲಿ ಡಿಸ್ನಿ ಕಂಪನಿ ಲ್ಯೂಕಸ್‌ಫಿಲ್ಮನ್ನು 400 ಕೋಟಿ ಡಾಲರಿಗೂ ಮೇಲೆ ಕೊಟ್ಟು ಕೊಂಡಿತು. ಹೊಸ ಸಿನಿಮಾ ತೆಗೆಯಲು ಹಳೆಯ ಕಾದಂಬರಿಗಳೆಲ್ಲ ಕಾಲಿಗೆ ತೊಡರುತ್ತಿದ್ದವು. 2014ರ ಏಪ್ರಿಲ್ 25ರಂದು ಒಂದು ಪ್ರಕಟಣೆ ಹೊರಟಿತು: ಈವರೆಗಿನ ಕಾದಂಬರಿಗಳೆಲ್ಲ ಇನ್ನು ಮೇಲೆ ದಂತಕಥೆ, ಅವು ನಡೆದದ್ದಲ್ಲ. 30 ವರ್ಷಕ್ಕೂ ಹೆಚ್ಚಿನ ಬರವಣಿಗೆಯ ಖಾತೆ ಒಂದೇ ದಿನದಲ್ಲಿ ಬದಲಾಯಿತು. ಚಂದ್ರ ಬಿದ್ದು ಸತ್ತಿದ್ದ ಚ್ಯೂಬಾಕಾ ಕೂಡ ಬದುಕಿ 2015ರ ಸಿನಿಮಾದಲ್ಲಿ ಓಡಾಡಿದ. ನಮ್ಮ ಅಭಿಮನ್ಯು ರಂಗದ ಮೇಲೆ ಸತ್ತು ಪರದೆಯ ಹಿಂದೆ ಬೀಡಿ ಹಚ್ಚುವುದಿಲ್ಲವೆ, ಹಾಗೆ.

ಇದನ್ನು ಕೇಳಿ ‘ಹಾಗಾದ್ರೆ ಹಳೇವು ಓದೋದು ದಂಡ’ ಅನ್ನುವವರು ಮದ್ದೂರಿನವರಾಗಿದ್ದರೆ ನನಗೆ ಆಶ್ಚರ್ಯ. ನಿಮ್ಮ ಊರಿಗೆ ಅರ್ಜುನಪುರಿ ಅಂತ ಹೆಸರಿತ್ತಂತೆ. ಅರ್ಜುನ ಕೃಷ್ಣನನ್ನು ನರಸಿಂಹ ರೂಪ ತೋರಿಸು ಅಂತ ಕೇಳಿದ್ದಕ್ಕೆ ಆ ಉಗ್ರನರಸಿಂಹನ ಪ್ರತಿಷ್ಠೆ ಆಯಿತು ಅಂತ ಸ್ಥಳಪುರಾಣ. ವ್ಯಾಸಭಾರತವನ್ನು ಎಷ್ಟು ತಿರುವಿದರೂ ಮದ್ದೂರು ಸಿಗುವುದಿಲ್ಲ. ಪಾಂಡವಪುರದ ಕುಂತಿಬೆಟ್ಟದಲ್ಲಿ ಕುಂತಿ ಮಕ್ಕಳೊಂದಿಗೆ ಉಳಿದಿದ್ದಳು ಅಂತ ಹೇಳುತ್ತೇವೆ, ಊರಿನ ಹೆಸರನ್ನೇ ಹಾಗೆ ಇಟ್ಟುಕೊಂಡಿದ್ದೇವೆ, ಅದೂ ವ್ಯಾಸರಲ್ಲಿಲ್ಲ. ಯಾರಾದರೂ ಬಂದು ‘ನಿಮ್ಮ ನರಸಿಂಹ ಅಧಿಕೃತ ಪಟ್ಟಿಯಲ್ಲಿಲ್ಲ’ ಅಂತ ಗುಡಿ ಬಾಗಿಲಿಗೆ ಚೀಟಿ ಅಂಟಿಸಿದರೆ ಮದ್ದೂರಿನವರು ಸುಮ್ಮನೆ ಬಿಟ್ಟಾರೆಯೆ? ಒಂದು ದೊಡ್ಡ ಕಥೆಗೆ ಊರೂರಿನವರು ತಮ್ಮ ಬೆಟ್ಟ, ತಮ್ಮ ಕೊಳ ಸೇರಿಸಿ ಹೇಳುವುದೇ ಸ್ಥಳಪುರಾಣ. ಸಿನಿಮಾಕ್ಕೆ ಅಂಟಿಕೊಂಡು ಬರುವ ಈ ಕಾದಂಬರಿಗಳೂ ಅದೇ ಜಾತಿ. ಒಮ್ಮೊಮ್ಮೆ ಸ್ಥಳಪುರಾಣವೇ ಮೂಲಕಥೆಯನ್ನು ತಿದ್ದುತ್ತದೆ. ಆ ಲೋಕದ ರಾಜಧಾನಿಗೆ ಕೊರಸಾಂಟ್ ಅಂತ ಹೆಸರಿಟ್ಟದ್ದು ಸಿನಿಮಾ ಅಲ್ಲ, ಟಿಮೊತಿ ಝಾನ್ ಅನ್ನುವ ಕಾದಂಬರಿಕಾರ, 1991ರಲ್ಲಿ. 1999ರ ಸಿನಿಮಾ ಆ ಹೆಸರನ್ನು ಹಾಗೇ ಎತ್ತಿಕೊಂಡಿತು.

ಝಾನ್ ಹೆಸರು ಬಂತಲ್ಲ, ಅಲ್ಲೇ ನಿಲ್ಲೋಣ. ಆಗಲೇ ಎರಡು ವರ್ಷ ಅಂದೆನಲ್ಲ, ಅದಾದ ಮೇಲೆ ನನ್ನನ್ನು ಮತ್ತೆ ಒಳಕ್ಕೆ ಎಳೆದದ್ದು ಇವರ ‘ಏರ್ ಟು ದಿ ಎಂಪೈರ್’. 1983ರ ಸಿನಿಮಾ ಮುಗಿದು ಐದು ವರ್ಷವಾದ ಮೇಲಿನ ಕಥೆ. ಸಿನಿಮಾ ಇಲ್ಲದೆ ಸ್ಟಾರ್ ವಾರ್ಸ್ ತಣ್ಣಗಾಗಿದ್ದ ಕಾಲದಲ್ಲಿ ಬಂದು ಅಮೆರಿಕದಲ್ಲಿ ಮಾರಾಟದ ಪಟ್ಟಿಯ ತುದಿಗೇರಿದ ಪುಸ್ತಕ. ಇದರ ಎದುರಾಳಿ ಥ್ರಾನ್, ನೀಲಿ ಚರ್ಮ, ಕೆಂಪು ಕಣ್ಣಿನ ಸೇನಾಧಿಪತಿ. ಕೂಗಾಡುವುದಿಲ್ಲ, ಕತ್ತು ಹಿಸುಕುವುದಿಲ್ಲ. ಶತ್ರುಗಳ ಚಿತ್ರ, ಶಿಲ್ಪಗಳನ್ನು ಕೋಣೆಯಲ್ಲಿ ಹರಡಿಕೊಂಡು ನೋಡುತ್ತ ಕೂರುತ್ತಾನೆ. ಇವರ ಕಲೆಯಲ್ಲಿ ಏನು ಕಾಣುವುದಿಲ್ಲವೋ ಅದೇ ಇವರ ದೌರ್ಬಲ್ಯ ಅನ್ನುವುದು ಅವನ ಲೆಕ್ಕ.

ಆದರೆ ನಾನು ಮಂಡ್ಯದ ಓದುಗನಾಗಿ ಸಿಕ್ಕಿಹಾಕಿಕೊಂಡದ್ದು ಎರಡನೇ ಪುಸ್ತಕದಲ್ಲಿ, 1992ರ ‘ಡಾರ್ಕ್ ಫೋರ್ಸ್ ರೈಸಿಂಗ್’ನಲ್ಲಿ. ಹೊನೋಗರ್ ಅಂತ ಒಂದು ಗ್ರಹ. ಮೇಲೆ ನಡೆದ ಯಾರದೋ ಯುದ್ಧದಲ್ಲಿ ಅದರ ನೆಲವೆಲ್ಲ ವಿಷವಾಗಿದೆ. ಸಾಮ್ರಾಜ್ಯದವರು ಬಂದು ಯಂತ್ರಗಳನ್ನು ಇಳಿಸುತ್ತಾರೆ, ಮಣ್ಣು ಶುದ್ಧ ಮಾಡಿಕೊಡುತ್ತೇವೆ ಅನ್ನುತ್ತಾರೆ, ಅಲ್ಲಿಯ ತನಕ ಊಟಕ್ಕೆ ಕೊಡುತ್ತಾರೆ. ಆ ಉಪಕಾರದ ಋಣಕ್ಕೆ ಅಲ್ಲಿಯ ನೊಗ್ರಿ ಜನ ತಲೆಮಾರುಗಟ್ಟಲೆ ತಮ್ಮ ಗಂಡುಮಕ್ಕಳನ್ನು ಸಾಮ್ರಾಜ್ಯಕ್ಕಾಗಿ ಕೊಲೆ ಮಾಡಲು ಕಳಿಸುತ್ತಿದ್ದಾರೆ. ಲೇಯಾ ಅಲ್ಲಿಗೆ ಹೋಗುತ್ತಾಳೆ, ನೆಲ ನೋಡುತ್ತಾಳೆ, ಅಲ್ಲಿ ಬೆಳೆಯುವ ಒಂದೇ ಬಗೆಯ ಹುಲ್ಲನ್ನು ನೋಡುತ್ತಾಳೆ. ಇಷ್ಟು ವರ್ಷ ಯಂತ್ರ ಓಡಿದರೂ ಮಣ್ಣು ಯಾಕೆ ಸರಿಹೋಗಿಲ್ಲ? ಆ ಯಂತ್ರಗಳೇ ವಿಷವನ್ನು ಕಾಪಾಡಿಕೊಂಡು ಬಂದಿವೆ. ಆ ಹುಲ್ಲೇ ಬೇರೆ ಬೆಳೆ ಏಳದ ಹಾಗೆ ಮಾಡಿದೆ. ಸಾಲ ತೀರಬಾರದು ಅಂತಲೇ ಕೊಟ್ಟ ಸಾಲ! ನಾನು ಅದನ್ನು ಓದಿದ ದಿನ ರೈಲು ಹನಕೆರೆ ಹತ್ತಿರ ಕ್ರಾಸಿಂಗಿಗೆ ನಿಂತಿತ್ತು. ಕಿಟಕಿಯಾಚೆ ಕಬ್ಬಿನ ಗದ್ದೆ, ಬದುವಿನ ಮೇಲೆ ಒಬ್ಬ ರೈತ ಕುಕ್ಕರುಗಾಲಲ್ಲಿ ಕೂತು ಮಣ್ಣಿನ ಹೆಂಟೆ ಪುಡಿ ಮಾಡುತ್ತಿದ್ದ. ನಮ್ಮ ಇಸ್ಪೀಟಿನ ಗೆಳೆಯರೊಬ್ಬರಿಗೆ ಈ ಕಥೆ ಹೇಳಿದೆ. ಎಲೆ ಇಳಿಸುತ್ತ, ‘ಇದನ್ನ ಬರೆದೋನು ನಮ್ಮ ಕಡೆಯವನಾ?’ ಅಂದರು. ವಿಮರ್ಶೆ ಅಂದರೆ ಅದು.

ಆದ್ದರಿಂದ ಸಿನಿಮಾಗಳನ್ನೆಲ್ಲ ನೋಡಿದವರು ಝಾನ್‌ನ ಈ ಮೂರು ಪುಸ್ತಕಗಳಿಂದ ಶುರು ಮಾಡಿ. ಮೂರನೆಯದು ‘ದಿ ಲಾಸ್ಟ್ ಕಮಾಂಡ್’, 1993. ದಂತಕಥೆಯ ಖಾತೆಯಲ್ಲಿವೆ ಅಂತ ಹಿಂಜರಿಯಬೇಡಿ. ಥ್ರಾನ್‌ನನ್ನು ಡಿಸ್ನಿಯವರೇ ಬಿಟ್ಟಿರಲಾರದೆ ಮೊದಲು ಕಾರ್ಟೂನ್ ಸರಣಿಗೆ ಕರೆತಂದರು, 2023ರ ‘ಅಸೋಕಾ’ದಲ್ಲಿ ನೀವೇ ಅವನನ್ನು ನೋಡಿದಿರಿ.

ಇಂಗ್ಲಿಷ್ ಓದು ಇನ್ನೂ ತಡವರಿಸುತ್ತದೆ ಅನ್ನುವವರಿಗೆ ಬೇರೆ ಬಾಗಿಲು. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಝಾನ್‌ನ ಹಡಗು, ಫಿರಂಗಿ, ದಳಗಳ ವರ್ಣನೆ ಮೊದಲ ನೂರು ಪುಟ ಸುಸ್ತು ಮಾಡಬಹುದು. ಅವರು ಕ್ಲಾಡಿಯಾ ಗ್ರೇ ಬರೆದ ‘ಲಾಸ್ಟ್ ಸ್ಟಾರ್ಸ್’ ತೆಗೆದುಕೊಳ್ಳಿ, 2015ರದು. ಬೆಟ್ಟಗುಡ್ಡದ ಒಂದು ಗ್ರಹ. ಅಲ್ಲಿ ಮೊದಲು ಬಂದು ನೆಲೆಸಿದವರು, ಆಮೇಲೆ ಬಂದು ದುಡ್ಡು ಮಾಡಿದವರು ಅಂತ ಎರಡು ಪಂಗಡ. ಒಬ್ಬರ ಮನೆಗೆ ಇನ್ನೊಬ್ಬರು ಕಾಲಿಡದ ಸಂಬಂಧ. ಹಳಬರ ಹುಡುಗಿ ಸಿಯೆನಾ, ಹೊಸಬರ ಹುಡುಗ ಥೇನ್, ಇಬ್ಬರಿಗೂ ವಿಮಾನದ ಹುಚ್ಚು. ಒಟ್ಟಿಗೆ ಓದಿ ಒಟ್ಟಿಗೆ ಸಾಮ್ರಾಜ್ಯದ ಸೈನ್ಯ ಸೇರುತ್ತಾರೆ. ಮುಂದೆ ಅವನು ಮನಸ್ಸು ಮುರಿದು ಬಂಡಾಯಗಾರರ ಕಡೆ ಹೋಗುತ್ತಾನೆ, ಅವಳು ಕೊಟ್ಟ ಮಾತು ಮುರಿಯಲಾರದೆ ಅಲ್ಲೇ ಉಳಿಯುತ್ತಾಳೆ. ನೀವು ಸಿನಿಮಾದಲ್ಲಿ ನೋಡಿದ ಯುದ್ಧಗಳೆಲ್ಲ ಇದರಲ್ಲಿ ನಮ್ಮೂರಿನವರ ಬಾಯಲ್ಲಿ ಕೇಳಿದ ಹಾಗೆ ಬರುತ್ತವೆ. ಹರೆಯದವರಿಗೆಂದು ಬರೆದದ್ದು, ವಾಕ್ಯಗಳು ಚಿಕ್ಕವು. ನಿಘಂಟು ಪಕ್ಕದಲ್ಲಿ ಸಾಕು, ಮಂಡಿಯ ಮೇಲೆ ಬೇಡ.

ಚುನಾವಣೆ ಬಂತೆಂದರೆ ಊಟ ನಿದ್ದೆ ಬಿಡುವ ಜಿಲ್ಲೆ ನಮ್ಮದು. ಆ ಹುಚ್ಚಿನವರು ಅದೇ ಲೇಖಕಿಯ 2016ರ ‘ಬ್ಲಡ್‌ಲೈನ್’ ಹಿಡಿಯಿರಿ. ಗುಂಡಿನ ಸದ್ದು ಕಡಿಮೆ, ಸಭೆಯ ಗದ್ದಲ ಹೆಚ್ಚು. ಲೇಯಾ ಸಂಸತ್ತಿನ ಮುಖ್ಯಸ್ಥೆಯಾಗಲು ನಿಂತಿದ್ದಾಳೆ, ಗೆಲ್ಲುವ ಹಾಗೂ ಇದೆ. ಆಗ ಅವಳ ಅಪ್ಪ ಯಾರು ಅನ್ನುವುದು ಬಯಲಾಗುತ್ತದೆ. ಜೀವನವಿಡೀ ಮಾಡಿದ ಕೆಲಸ ಒಂದು ಕಡೆ, ಯಾರ ಮಗಳು ಅನ್ನುವುದು ಇನ್ನೊಂದು ಕಡೆ. ಇದಕ್ಕಿಂತ ಹೆಚ್ಚು ನಾನು ನಿಮಗೆ ವಿವರಿಸಬೇಕೆ?

ಓದಿ ಪಳಗಿದವರಿಗೆ ಮ್ಯಾಥ್ಯೂ ಸ್ಟೋವರ್ ಬರೆದ 2005ರ ‘ರಿವೆಂಜ್ ಆಫ್ ದಿ ಸಿತ್’. ಸಿನಿಮಾದ ಕಾದಂಬರಿ ರೂಪವೇ, ಆದರೆ ಸಿನಿಮಾಕ್ಕಿಂತ ಒಂದು ಕೈ ಮೇಲು ಅನ್ನುವವರಲ್ಲಿ ನಾನೂ ಒಬ್ಬ. ಆನಕಿನ್ ಹಾಳಾಗಿ ಹೋಗುತ್ತಾನೆ ಅಂತ ಮೊದಲ ಪುಟದಲ್ಲೇ ಎಲ್ಲರಿಗೂ ಗೊತ್ತು. ಕರ್ಣ ಸಾಯುತ್ತಾನೆ ಅಂತ ಗೊತ್ತಿದ್ದೂ ಬೆಳಗಿನ ತನಕ ಚಾಪೆ ಮೇಲೆ ಕೂರುತ್ತೀವಲ್ಲ, ಅದೇ ಕೂರುವಿಕೆ. ಸ್ಟೋವರ್ ನಡುನಡುವೆ ಓದುಗನನ್ನೇ ‘ನೀನು’ ಅಂತ ಕರೆದು ಆ ಪಾತ್ರದ ಚರ್ಮದೊಳಕ್ಕೆ ಇಳಿಸಿಬಿಡುತ್ತಾನೆ. ವಿಮಾನಗಳ ಕಾಳಗ ಬೇಕೆನ್ನುವವರಿಗೆ ಮೈಕೆಲ್ ಸ್ಟ್ಯಾಕ್‌ಪೋಲ್ ಶುರು ಮಾಡಿದ ‘ಎಕ್ಸ್-ವಿಂಗ್’ ಸರಣಿ ಇದೆ, ಮೊದಲನೆಯದು 1996ರದು. ಸಿನಿಮಾಗಳಿಗಿಂತ ಸುಮಾರು 200 ವರ್ಷ ಹಿಂದಿನ ‘ಹೈ ರಿಪಬ್ಲಿಕ್’ ಕಥೆಗಳು 2021ರಿಂದ 2025ರ ತನಕ ಬಂದವು. ಒಂದೇ ಸಲ ಹತ್ತಾರು ಹೊಸ ಹೆಸರು ಎದುರಾಗುತ್ತವೆ, ಅವಸರವಿಲ್ಲ, ಇರಲಿ.

‘ಕಬ್ಬಿನ ಗದ್ದೆ ಹುಡುಗರಿಗೆ ಅಂತರಿಕ್ಷ ಯಾಕೆ, ಕನ್ನಡ ಓದಿಸಿ’ ಅನ್ನುವ ನನ್ನ ವಾರಿಗೆಯ ಮಿತ್ರರಿಗೂ ಎರಡು ಮಾತು. 1902ರಲ್ಲಿ ಶಿವನಸಮುದ್ರದ ನೀರಿನಿಂದ ಕರೆಂಟು ತೆಗೆದು ತಂತಿಯ ಮೇಲೆ 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸಿದಾಗ, ಮಳವಳ್ಳಿಯ ರೈತನಿಗೆ ಅದಕ್ಕಿಂತ ದೊಡ್ಡ ವಿಜ್ಞಾನ ಕಥೆ ಬೇಕಿರಲಿಲ್ಲ. ಕನ್ನಡದ್ದು ಓದಿ ಅಂತ ನಾನೂ ಹೇಳುತ್ತೇನೆ. ತೇಜಸ್ವಿಯವರ ‘ಕರ್ವಾಲೊ’ ಬಂದದ್ದು 1980ರಲ್ಲಿ, ಅದರ ಹಾರುವ ಓತಿ ಇವತ್ತಿಗೂ ಹಾರುತ್ತಿದೆ. ರಾಜಶೇಖರ ಭೂಸನೂರಮಠ ವಿಜ್ಞಾನ ಕಥೆಗೆಂದೇ ಬರವಣಿಗೆ ಮುಡಿಪಿಟ್ಟವರು. ಮನು ಅವರ ‘ಮಹಾಸಂಪರ್ಕ’ವಂತೂ ಮಹಾಭಾರತವನ್ನೇ ಅನ್ಯಗ್ರಹದವರ ನಂಟಿನ ಕಥೆಯಾಗಿ ಹೇಳುತ್ತದೆ, ಅಂದರೆ ಕುರುಕ್ಷೇತ್ರಕ್ಕೆ ಅಂಟಿಕೊಂಡು ಬಂದ ನಮ್ಮದೇ ಅಂತರಿಕ್ಷ ಕಾದಂಬರಿ. ಆದರೆ ಒಂದನ್ನು ಓದಲು ಇನ್ನೊಂದನ್ನು ಬಿಡಬೇಕು ಅನ್ನುವ ಲೆಕ್ಕ ನನಗೆ ಯಾವತ್ತೂ ಅರ್ಥವಾಗಿಲ್ಲ. ಎಂಟನೇ ವಯಸ್ಸಿನಲ್ಲಿ ಹಲಗೂರು ಸಾಲು ಕೇಳದೆ ಇದ್ದಿದ್ದರೆ ಹೊನೋಗರ್ ಗ್ರಹದ ಮಣ್ಣು ನನ್ನ ಕೈಗೆ ಅಂಟುತ್ತಿರಲಿಲ್ಲ.

ಪುಸ್ತಕ ಎಲ್ಲಿ ಸಿಗುತ್ತದೆ ಅನ್ನುತ್ತೀರಿ. ನಿಮ್ಮ ಮನೆಯವರು ಕಟ್ಟುವ ಆಸ್ತಿ ತೆರಿಗೆಯ ಜೊತೆ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ ಹೋಗುತ್ತದೆ. 1965ರ ಕಾಯಿದೆಯಿಂದ ಬಂದದ್ದು. ಹತ್ತು ಜನ ಸೇರಿ, ಬೇಕಾದ ಪುಸ್ತಕಗಳ ಹೆಸರು ಬರೆದು, ಸಹಿ ಹಾಕಿ, ನಿಮ್ಮ ಊರಿನ ಗ್ರಂಥಾಲಯಕ್ಕೆ ಒಂದು ಅರ್ಜಿ ಕೊಡಿ. ಕೇಳಿದ್ದು ಅದೇ ವರ್ಷ ಬರದಿರಬಹುದು. ಕೇಳದಿದ್ದರೆ ಯಾವ ವರ್ಷವೂ ಬರುವುದಿಲ್ಲ. ಅರ್ಜಿಯಲ್ಲಿ ‘ಮಹಾಸಂಪರ್ಕ’ದ ಹೆಸರನ್ನೂ, ಹಿ.ಚಿ. ಬೋರಲಿಂಗಯ್ಯನವರು ಸಂಪಾದಿಸಿದ ಮಂಟೇಸ್ವಾಮಿ ಕಾವ್ಯದ ಹೆಸರನ್ನೂ ಸೇರಿಸಿ.

ಅಲ್ಲಿಯ ತನಕ ನನ್ನ ಟ್ರಂಕುಗಳಿವೆ. ಆ ಮಳವಳ್ಳಿ ಹುಡುಗಿಗೆ ‘ಲಾಸ್ಟ್ ಸ್ಟಾರ್ಸ್’ ತೆಗೆದಿಟ್ಟಿದ್ದೇನೆ, ಬಂದು ಒಯ್ಯಲಿ. ಝಾನ್‌ನ ಮೂರೂ ಇವೆ, ಎರಡನೆಯದರ ರಟ್ಟು ಕಿತ್ತಿದೆ, ಅದು ನನ್ನದೇ ಓದಿನ ಗುರುತು. ಭಾನುವಾರ ಬೆಳಿಗ್ಗೆ ಹತ್ತರ ಮೇಲೆ ಬನ್ನಿ, ವಹಿಯಲ್ಲಿ ಹೆಸರು ಬರೆದು ಒಯ್ಯಿರಿ, ಒಂದು ತಿಂಗಳಿಗೆ ವಾಪಸು ತನ್ನಿ. ‘ವೆಕ್ಟರ್ ಪ್ರೈಮ್’ ಮಾತ್ರ ಮೊದಲೇ ಕೇಳಬೇಡಿ. ಕೇಳಿದರೂ ಕೊಡುವುದಿಲ್ಲ.

ಇತಿ,
ನಿಮ್ಮ ಊರಿನ ಒಬ್ಬ ಹಳೇ ಸೀಸನ್ ಪಾಸಿನವನು
ಮಂಡ್ಯ